ಬೂತಾಯಿ ಎಣ್ಣೆಯ ಕಾಲ

ಮಂಗಳೂರು ಉಡುಪಿಯ ತುಳುವರು ಬೂತಾಯಿ ಎಂದೂ, ಕುಂದಾಪುರ ಸೀಮೆಯವರು ಬೈಗೆ ಎಂದೂ, ಕಾರವಾರದ ಕಡೆಯವರು ತಾರ್ಲೆ ಎಂದೂ, ಮಲಬಾರಿನವರು ಮತ್ತಿ ಅಥವಾ ಚಾಳ ಎಂದೂ ಕರೆಯುವ ಮೀನು ಒಂದೇ. ಒಂದು ಗೇಣಿಗಿಂತ ಹೆಚ್ಚು ಬೆಳೆಯದ, ಎರಡು ಮೂರು ವರ್ಷಕ್ಕಿಂತ ಹೆಚ್ಚು ಬದುಕದ ಈ ಮೀನನ್ನು ಪಶ್ಚಿಮ ಕರಾವಳಿಯ ಚರಿತ್ರೆ ಬರೆದವರು ಸಾಮಾನ್ಯವಾಗಿ ಬಡವರ ಊಟದ ಬಾಬ್ತೆಂದು ಒಂದು ಮಾತಿನಲ್ಲಿ ಮುಗಿಸಿ, ಅಕ್ಕಿ, ಕರಿಮೆಣಸು, ಹೆಂಚು, ಕಾಫಿಗಳ ಕಡೆಗೆ ಸಾಗಿಬಿಡುತ್ತಾರೆ. ಆದರೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಇಪ್ಪತ್ತನೆಯ ಶತಮಾನದ ನಡುವಿನ ವರೆಗೆ ದಕ್ಷಿಣ ಕನ್ನಡ ಮತ್ತು ಮಲಬಾರು ಜಿಲ್ಲೆಗಳ ಕಡಲದಂಡೆಯಲ್ಲಿ ಬೂತಾಯಿಯನ್ನು ಬೇಯಿಸಿ ಎಣ್ಣೆ ತೆಗೆಯುವ, ಉಳಿದ ಹಿಂಡಿಯನ್ನು ಗೊಬ್ಬರವಾಗಿ ಮಾರುವ ಒಂದು ದೊಡ್ಡ ಉದ್ಯಮವೇ ಇತ್ತು. ಆ ಉದ್ಯಮದ ಏರಿಳಿತಗಳನ್ನು ಮಾರುಕಟ್ಟೆಯ ಬೆಲೆಗಳಿಂದಲೋ ಸರ್ಕಾರದ ನೀತಿಗಳಿಂದಲೋ ಮಾತ್ರ ವಿವರಿಸಲು ಹೊರಟರೆ ಅರ್ಧ ಕಥೆಯಷ್ಟೇ ದೊರೆಯುತ್ತದೆ. ಉಳಿದರ್ಧ ಮೀನಿನ ದೇಹರಚನೆಯಲ್ಲಿ, ಅದರ ಆಹಾರದಲ್ಲಿ, ಅದು ಯಾವ ಕಡಲಲ್ಲಿ ಇರುತ್ತದೆ ಮತ್ತು ಯಾವಾಗ ಇರುವುದಿಲ್ಲ ಎಂಬುದರಲ್ಲಿ ಅಡಗಿದೆ.

ಬೂತಾಯಿ ಸೇರುವುದು ಕ್ಲೂಪಿಫಾರ್ಮಿಸ್ ಎಂಬ ಗಣಕ್ಕೆ, ಅಂದರೆ ಉತ್ತರ ಅಟ್ಲಾಂಟಿಕಿನ ಹೆರಿಂಗ್ ಮೀನು ಮತ್ತು ಅದರ ಬಂಧುಗಳ ಗುಂಪಿಗೆ. ಮುನ್ನೂರಕ್ಕೂ ಹೆಚ್ಚು ಪ್ರಭೇದಗಳಿರುವ ಈ ಗುಂಪಿನ ಮೀನುಗಳನ್ನು ಗುರುತಿಸುವುದು ಒಮ್ಮೆ ಲಕ್ಷಣಗಳನ್ನು ತಿಳಿದವರಿಗೆ ಕಷ್ಟವಲ್ಲ. ಬೆನ್ನಿನ ಮೇಲೆ ಒಂದೇ ಒಂದು ಗಿಡ್ಡ ಈಜುರೆಕ್ಕೆಯಿದ್ದು ಅದು ಹೆಚ್ಚುಕಡಿಮೆ ದೇಹದ ನಡುಭಾಗದಲ್ಲಿರುತ್ತದೆ. ಯಾವ ಈಜುರೆಕ್ಕೆಯಲ್ಲಿಯೂ ಚುಚ್ಚುವ ಮುಳ್ಳಿರುವುದಿಲ್ಲ, ಬಾಗುವ ಮೆದುಕಡ್ಡಿಗಳಷ್ಟೇ ಇರುತ್ತವೆ. ಜೋಡಿ ಹೊಟ್ಟೆರೆಕ್ಕೆಗಳು ಎದೆಯ ಬಳಿಯಲ್ಲಿರದೆ ಹಿಂದಕ್ಕೆ ಸರಿದು ಬೆನ್ನಿನ ರೆಕ್ಕೆಯ ಕೆಳಗೆ ಬರುತ್ತವೆ, ಬಾಲವು ಆಳವಾಗಿ ಕವಲೊಡೆದಿರುತ್ತದೆ, ತಲೆಯ ಮೇಲೆ ಹುರುಪೆಗಳಿರುವುದಿಲ್ಲ. ಬಹುತೇಕ ಮೀನುಗಳ ಪಕ್ಕದಲ್ಲಿ ಕಿವಿರಿನಿಂದ ಬಾಲದವರೆಗೆ ಎದ್ದು ಕಾಣುವ ಪಾರ್ಶ್ವರೇಖೆ, ಅಂದರೆ ನೀರಿನ ಕಂಪನವನ್ನು ಗ್ರಹಿಸುವ ರಂಧ್ರಗಳ ಸಾಲು, ಈ ಗುಂಪಿನ ಮೀನುಗಳ ಮೈಮೇಲೆ ಇಲ್ಲ. ಅದರ ಬದಲು ಇವುಗಳ ಗಾಳಿಚೀಲದ ಮುಂತುದಿಯಿಂದ ಹೊರಟ ಸಣ್ಣ ನಾಳಗಳು ತಲೆಬುರುಡೆಯೊಳಗಿನ ಕಿವಿಯನ್ನು ಮುಟ್ಟುತ್ತವೆ. ಹೀಗಾಗಿ ಇವುಗಳ ಶ್ರವಣಶಕ್ತಿ ಚುರುಕಾಗಿದ್ದು, ದೋಣಿಯ ಬದಿಯನ್ನು ಬಡಿದು ಹಿಂಡನ್ನು ಬಲೆಯ ಕಡೆಗೆ ಹೊರಳಿಸುವ ಉಪಾಯ ಈ ಮೀನುಗಳ ಮೇಲೆ ಫಲಿಸುವುದರಲ್ಲಿ ಆಶ್ಚರ್ಯವಿಲ್ಲ. ಕರಾವಳಿಯ ಪೇಟೆಯಲ್ಲಿ ಬೂತಾಯಿಯ ಪಕ್ಕದ ಬುಟ್ಟಿಯಲ್ಲೇ ಕೂರುವ ಬಂಗುಡೆಗೆ ಬೆನ್ನಿನ ಮೇಲೆ ಎರಡು ರೆಕ್ಕೆಗಳೂ ಅವುಗಳ ಹಿಂದೆ ಬಾಲದವರೆಗೆ ಚಿಕ್ಕಚಿಕ್ಕ ಕಿರುರೆಕ್ಕೆಗಳೂ ಇರುವುದರಿಂದ, ಎರಡೂ ಹಿಂಡುಹಿಂಡಾಗಿ ಒಂದೇ ಕಾಲದಲ್ಲಿ ದಡಕ್ಕೆ ಬಂದರೂ ಅವುಗಳ ನಡುವೆ ನಂಟೇನೂ ಇಲ್ಲವೆಂಬುದು ಕಣ್ಣಿಗೇ ತಿಳಿಯುತ್ತದೆ.

ಗಣದ ಒಳಗೆ ಕುಟುಂಬಗಳನ್ನು ಬೇರ್ಪಡಿಸುವಾಗ ಹೊಟ್ಟೆಯ ಅಂಚನ್ನೂ ಬಾಯಿಯನ್ನೂ ನೋಡಬೇಕಾಗುತ್ತದೆ. ಹೆರಿಂಗ್ ಮತ್ತು ಸಾರ್ಡೀನ್‌ಗಳ ಹೊಟ್ಟೆಯ ಅಂಚಿನಲ್ಲಿ ಗಟ್ಟಿಯಾದ, ಹಿಂದಕ್ಕೆ ಬಾಗಿದ ಮೊನೆಯುಳ್ಳ ಹುರುಪೆಗಳು ಸಾಲಾಗಿ ಕೂಡಿ ಗರಗಸದಂತಹ ಏಣನ್ನು ಮಾಡುತ್ತವೆ. ಬಾಲದ ಕಡೆಯಿಂದ ತಲೆಯ ಕಡೆಗೆ ಬೆರಳಾಡಿಸಿದರೆ ಇದು ತಟ್ಟನೆ ತಿಳಿಯುತ್ತದೆ. ದುಂಡುಮೈಯ ಡುಸುಮೇರಿಯಾ ಜಾತಿಯವುಗಳಲ್ಲಿ ಹೊಟ್ಟೆರೆಕ್ಕೆಯ ಬುಡದ ಒಂದು ಹುರುಪೆಯನ್ನು ಬಿಟ್ಟರೆ ಈ ಏಣು ಇಲ್ಲ. ತುಳುವಿನಲ್ಲಿ ಕೊಲ್ಲತರು ಎನಿಸಿಕೊಳ್ಳುವ ಆಂಚೊವಿಗಳ ಮೂತಿ ಕೆಳದವಡೆಯನ್ನು ಮೀರಿ ಮುಂಚಾಚಿದ್ದು, ಬಾಯಿ ಕಣ್ಣನ್ನು ದಾಟಿ ಬಹು ಹಿಂದಕ್ಕೆ ಸೀಳಿಕೊಂಡಿರುತ್ತದೆ. ಬೂತಾಯಿಯೂ ಸೇರಿದಂತೆ ಸಾರ್ಡಿನೆಲ್ಲಾ ಕುಲದ ಮೀನುಗಳನ್ನು ಬಹುಕಾಲದಿಂದ ಹೆರಿಂಗ್ ಇರುವ ಕ್ಲೂಪಿಡೇ ಕುಟುಂಬದಲ್ಲಿಯೇ ಇಡಲಾಗಿತ್ತು. ಈ ಮೀನುಗಳ ಮಟ್ಟಿಗೆ ಇಂದಿಗೂ ಆಧಾರಗ್ರಂಥವಾಗಿರುವ, 1985ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೊರತಂದ ಪೀಟರ್ ವೈಟ್‌ಹೆಡ್ ಅವರ ಸೂಚಿಯೂ ಇದೇ ಕ್ರಮವನ್ನು ಅನುಸರಿಸಿದೆ. ಆದರೆ 2022ರಲ್ಲಿ ಪ್ರಕಟವಾದ, ಮೀನುಗಳ ವಂಶವಾಹಿಗಳನ್ನು ಹೋಲಿಸಿದ ಅಧ್ಯಯನವೊಂದು ಹಳೆಯ ಕ್ಲೂಪಿಡೇ ಕುಟುಂಬವನ್ನು ಒಡೆದು, ಸಾರ್ಡಿನೆಲ್ಲಾ ಮತ್ತು ಬಂಗಾಳದ ಹಿಲ್ಸಾ ಮೊದಲಾದ ಬೆಚ್ಚನೆಯ ನೀರಿನ ಕುಲಗಳನ್ನು ಡೊರೊಸೊಮ್ಯಾಟಿಡೇ ಎಂಬ ಪ್ರತ್ಯೇಕ ಕುಟುಂಬಕ್ಕೆ ಸೇರಿಸಿದೆ. ಹಳೆಯ ಪುಸ್ತಕಗಳೂ ಸರ್ಕಾರಿ ಕಡತಗಳೂ ಹಳೆಯ ಹೆಸರನ್ನೇ ಬಳಸುವುದರಿಂದ ಓದುಗರು ಎರಡನ್ನೂ ನೆನಪಿಡುವುದು ಲೇಸು.

ಬೂತಾಯಿಗೆ ಶಾಸ್ತ್ರೀಯವಾಗಿ ಸಾರ್ಡಿನೆಲ್ಲಾ ಲಾಂಗಿಸೆಪ್ಸ್ ಎಂಬ ಹೆಸರನ್ನಿತ್ತವನು ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಅಶಿಲ್ ವಾಲೆನ್ಸಿಯೆನ್. ತನ್ನ ಗುರು ಜಾರ್ಜ್ ಕ್ಯುವಿಯೆಯೊಡನೆ ಆರಂಭಿಸಿ, ಗುರುವಿನ ಮರಣಾನಂತರ ತಾನೊಬ್ಬನೇ ಮುಂದುವರಿಸಿದ ಮೀನುಗಳ ಬೃಹತ್ ಚರಿತ್ರೆಯ 1847ರ ಸಂಪುಟದಲ್ಲಿ, ಪಾಂಡಿಚೇರಿಯಿಂದ ಬಂದ ಮಾದರಿಗಳನ್ನು ನೋಡಿ ಆತ ಇದನ್ನು ವರ್ಣಿಸಿದ. ಅರಬ್ಬಿ ಸಮುದ್ರದ ದಂಡೆಗೆ ಹೊಟ್ಟೆ ತುಂಬಿಸುವ ಮೀನು ಶಾಸ್ತ್ರದ ಲೆಕ್ಕಕ್ಕೆ ಸೇರಿದ್ದು ಅದು ಅಂದು ಅಪರೂಪವಾಗಿದ್ದ ಪೂರ್ವ ಕರಾವಳಿಯ ಫ್ರೆಂಚ್ ವಸಾಹತಿನಿಂದ ಎಂಬುದು ಗಮನಾರ್ಹ. ಲಾಂಗಿಸೆಪ್ಸ್ ಎಂದರೆ ನೀಳತಲೆಯದು, ಮತ್ತು ಆ ಲಕ್ಷಣ ಕೈಪಿಡಿಯಲ್ಲಿ ಇಂದಿಗೂ ಮೊದಲನೆಯದು: ಬೂತಾಯಿಯ ತಲೆಯ ಉದ್ದ ಅದರ ಮೈಯ ಎತ್ತರಕ್ಕಿಂತ ಹೆಚ್ಚು. ಅದೇ ಬಲೆಗೆ ಬೀಳುವ, ಸಣ್ಣ ಸಾರ್ಡೀನ್‌ಗಳೆನಿಸಿಕೊಳ್ಳುವ ಬಂಧುಗಳಲ್ಲಿ ಮೈ ಅಗಲವಾಗಿದ್ದು ತಲೆ ಚಿಕ್ಕದಾಗಿ ಕಾಣುತ್ತದೆ. ಕಿವಿರುಮುಚ್ಚಳದ ಹಿಂಬದಿಯ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ, ಅದರ ಹಿಂದೆ ಮಸುಕಾದ ಬಂಗಾರದ ಬಣ್ಣದ ಒಂದು ಮಚ್ಚೆ, ಮೈಯ ಪಕ್ಕದಲ್ಲಿ ಅದೇ ಬಣ್ಣದ ತೆಳು ಗೆರೆ ಇವು ತಾಜಾ ಮೀನಿನಲ್ಲಿ ಮಾತ್ರ ಕಾಣುವ ಗುರುತುಗಳು.

ಆದರೆ ಈ ಮೀನನ್ನು ಎಣ್ಣೆಯ ಮೀನಾಗಿ ಮಾಡಿದ ಅಂಗ ಹೊರಗಣ್ಣಿಗೆ ಕಾಣುವುದಿಲ್ಲ. ಕಿವಿರಿನ ಕಮಾನಿನ ಒಳಬದಿಯಲ್ಲಿ ಬಾಚಣಿಗೆಯ ಹಲ್ಲುಗಳಂತೆ ನಿಂತ ತೆಳುವಾದ ಕಡ್ಡಿಗಳು ನುಂಗಿದ ನೀರನ್ನು ಸೋಸಿ ಅದರಲ್ಲಿನ ಸೂಕ್ಷ್ಮಜೀವಿಗಳನ್ನು ಗಂಟಲಿಗೆ ಕಳುಹಿಸುತ್ತವೆ. ಬೂತಾಯಿಯ ಮೊದಲ ಕಮಾನಿನ ಕೆಳಭಾಗವೊಂದರಲ್ಲೇ ಇಂತಹ ಕಡ್ಡಿಗಳು 150ರಿಂದ 250ರವರೆಗೆ ಇರುತ್ತವೆ, ಇದು ನಮ್ಮ ಕಡಲಿನ ಇತರ ಸಾರ್ಡಿನೆಲ್ಲಾಗಳಲ್ಲಿ ಇರುವುದಕ್ಕಿಂತ ಬಹಳ ಹೆಚ್ಚು. ಇಷ್ಟು ಸೂಕ್ಷ್ಮವಾದ ಜಾಲರಿಯಿರುವುದರಿಂದ ಬೂತಾಯಿ ಡಯಾಟಂ ಎಂಬ ಏಕಕೋಶ ಪಾಚಿಗಳನ್ನೇ ನೇರವಾಗಿ ತಿಂದು ಬೆಳೆಯಬಲ್ಲದು. ನೈಋತ್ಯ ಮಳೆಗಾಲದಲ್ಲಿ ಗಾಳಿಯ ಒತ್ತಡಕ್ಕೆ ಮೇಲಿನ ನೀರು ದಡದಿಂದ ದೂರ ಸರಿದು, ಆಳದ ತಣ್ಣನೆಯ, ಪೋಷಕಾಂಶಗಳಿಂದ ತುಂಬಿದ ನೀರು ಮೇಲೇಳುತ್ತದೆ, ಆಗ ಡಯಾಟಂಗಳು ಹುಲುಸಾಗಿ ಹಬ್ಬುತ್ತವೆ. ಅದೇ ಮಳೆಗಾಲದಲ್ಲಿ ಮೊಟ್ಟೆಯಿಟ್ಟ ಬೂತಾಯಿಯೂ ಹೊಸದಾಗಿ ಹುಟ್ಟಿದ ಮರಿಯೂ ಈ ಸಮೃದ್ಧಿಯನ್ನು ಮೇದು, ಮಳೆ ನಿಂತು ಕಡಲು ತಿಳಿಯಾಗುವ ಹೊತ್ತಿಗೆ ಕೊಬ್ಬಿ ದಡದ ಹತ್ತಿರಕ್ಕೆ ಬರುತ್ತವೆ. ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಡಯಾಟಂ ಹೆಚ್ಚಿದ ವರ್ಷ ಬೂತಾಯಿಯೂ ಹೆಚ್ಚುತ್ತದೆಂಬುದನ್ನು ಭಾರತೀಯ ವಿಜ್ಞಾನಿಗಳು 1955ರಲ್ಲಿ ತೋರಿಸಿಕೊಟ್ಟರು. ಮಳೆಗಾಲದ ಮೇಲೆ ಇಷ್ಟು ಬಿಗಿಯಾಗಿ ಅವಲಂಬಿಸಿದ, ಆಯುಷ್ಯ ಇಷ್ಟು ಗಿಡ್ಡವಾದ ಮೀನಿಗೆ ಒಂದೆರಡು ಕೆಟ್ಟ ವರ್ಷಗಳನ್ನು ದಾಟಿಸುವ ಹಳೆಯ ತಲೆಮಾರುಗಳ ದಾಸ್ತಾನು ಇರುವುದಿಲ್ಲ.

ಹೆರಿಂಗ್ ಬಳಗದ ಮೀನುಗಳು ಉತ್ತರದ ಶೀತಲ ಕಡಲುಗಳಿಂದ ಉಷ್ಣವಲಯದ ನದಿಗಳವರೆಗೆ ಹರಡಿವೆ. ಮೈಸೂರು, ಕೆನರಾ, ಮಲಬಾರುಗಳನ್ನು 1800-01ರಲ್ಲಿ ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕನನ್ನನೇ ಮುಂದೆ 1822ರಲ್ಲಿ ಗಂಗಾನದಿಯ ಮೀನುಗಳ ಪುಸ್ತಕದಲ್ಲಿ ಹಿಲ್ಸಾವನ್ನು ಮೊದಲು ವರ್ಣಿಸಿದವನು ಎಂಬುದನ್ನು ಕನ್ನಡ ಓದುಗರು ಸಾಮಾನ್ಯವಾಗಿ ಗಮನಿಸಿರುವುದಿಲ್ಲ. ಸಾರ್ಡಿನೆಲ್ಲಾ ಕುಲವು ಬೆಚ್ಚನೆಯ ಕಡಲಿನದು. ಪಶ್ಚಿಮ ಆಫ್ರಿಕದ ದಂಡೆಯಲ್ಲಿ ಅದರ ಕೆಲವು ಪ್ರಭೇದಗಳೂ ಬಾಲಿ ಜಲಸಂಧಿಯಲ್ಲಿ ಲೆಮುರು ಎಂಬ, ಬಹುಕಾಲ ಬೂತಾಯಿಯೇ ಎಂದು ಭ್ರಮಿಸಲಾಗಿದ್ದ ಪ್ರಭೇದವೂ ಮೀನುಗಾರಿಕೆಗೆ ಆಧಾರವಾಗಿವೆ. ಬೂತಾಯಿಯ ನೆಲೆ ಹಿಂದೂ ಮಹಾಸಾಗರದ ಉತ್ತರ ಮತ್ತು ಪಶ್ಚಿಮ ಭಾಗ: ಏಡನ್ ಕೊಲ್ಲಿ, ಒಮಾನ್, ಮಕ್ರಾನ್, ಅಲ್ಲಿಂದ ಭಾರತದ ಪಶ್ಚಿಮ ಕರಾವಳಿ. ಅದರಲ್ಲಿಯೂ ರತ್ನಗಿರಿಯ ದಕ್ಷಿಣದಿಂದ ಕೊಲ್ಲಂವರೆಗಿನ ಪಟ್ಟಿಯಲ್ಲಿ ಅದು ದಟ್ಟವಾಗಿತ್ತು. ತಮಿಳುನಾಡು ಮತ್ತು ಆಂಧ್ರದ ದಂಡೆಗಳಲ್ಲಿ ಅದು ಹೇರಳವಾಗಿ ಸಿಗತೊಡಗಿದ್ದು 1980ರ ದಶಕದಿಂದೀಚೆಗೆ.

ಅರಬ್ಬಿ ಸಮುದ್ರದ ಎರಡೂ ದಡಗಳಲ್ಲಿ ಈ ಮೀನಿನ ಬಳಕೆ ಹಳೆಯದು. ಅಲೆಗ್ಸಾಂಡರನ ನೌಕಾಪತಿ ನಿಯಾರ್ಕಸ್ ಕ್ರಿ.ಪೂ. 325ರಲ್ಲಿ ಮಕ್ರಾನ್ ದಂಡೆಯ ಬದಿಯಲ್ಲಿ ಸಾಗಿದಾಗ, ಅಲ್ಲಿನ ಜನ ಮೀನನ್ನೇ ಉಣ್ಣುವುದಲ್ಲದೆ ದನಗಳಿಗೂ ಒಣಮೀನನ್ನು ಮೇವಾಗಿ ಹಾಕುತ್ತಿದ್ದುದನ್ನು ಕಂಡನೆಂದು ಆರಿಯನ್ ಬರೆದಿದ್ದಾನೆ. ಆತ ಮೀನಿನ ಜಾತಿಯನ್ನು ಹೇಳುವುದಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತ ಮಾತ್ರ ಸ್ಪಷ್ಟವಾಗಿ, ಒಮಾನಿನ ದೋಫಾರ್ ಪ್ರದೇಶದಲ್ಲಿ ಕೊಬ್ಬಿದ ಸಾರ್ಡೀನ್‌ಗಳೇ ಜನರ ಮುಖ್ಯ ಮೀನೆಂದೂ ಜಾನುವಾರುಗಳಿಗೂ ಅದನ್ನೇ ತಿನ್ನಿಸುತ್ತಾರೆಂದೂ ಬೆರಗಿನಿಂದ ದಾಖಲಿಸುತ್ತಾನೆ. ಇದೇ ಪ್ರವಾಸಿ ಹೊನ್ನಾವರ, ಬಾರಕೂರು, ಮಂಗಳೂರುಗಳಿಗೂ ಬಂದಿದ್ದವನು. ಕನ್ನಡ ಕರಾವಳಿಯಲ್ಲಿ ಮಳೆಯೂ ಹುಲ್ಲೂ ಬೇಕಾದಷ್ಟಿದ್ದುದರಿಂದ ದನಕ್ಕೆ ಮೀನು ತಿನ್ನಿಸುವ ಅಗತ್ಯ ಬೀಳಲಿಲ್ಲ. ಇಲ್ಲಿ ಮಿಕ್ಕ ಮೀನು ಸೇರಿದ್ದು ತೆಂಗಿನ ಬುಡಕ್ಕೆ, ಗದ್ದೆಗೆ.

ಮಿಗುವ ಮೀನಿನ ಪ್ರಶ್ನೆಯೇ ಇಲ್ಲಿನ ಉದ್ಯಮದ ಮೂಲ. ಬೂತಾಯಿ ಬಂದರೆ ಒಮ್ಮೆಲೇ ಬರುತ್ತದೆ. ಮೊಗವೀರರು, ಖಾರ್ವಿಗಳು, ಹರಿಕಂತ್ರರು ಒಂದು ಹಿಂಡನ್ನು ಸುತ್ತುವರಿದರೆಂದರೆ ಊರೂ ಸುತ್ತಣ ಸಂತೆಗಳೂ ತಿಂದು ಮುಗಿಸಲಾಗದಷ್ಟು ಮೀನು ಒಂದೇ ಹಗಲಿನಲ್ಲಿ ದಡದಲ್ಲಿ ಬೀಳುತ್ತಿತ್ತು. ಕೊಬ್ಬಿನ ಮೀನು ಬಿಸಿಲಿಗೆ ಒಣಗುವ ಮುನ್ನವೇ ಕಮಟುತ್ತದೆ. ಉಪ್ಪು ಹಾಕಿ ಉಳಿಸೋಣವೆಂದರೆ ಬ್ರಿಟಿಷರ ಉಪ್ಪಿನ ತೆರಿಗೆ ಅಡ್ಡ ಬರುತ್ತಿತ್ತು, ಏಕೆಂದರೆ ಇಷ್ಟು ಅಗ್ಗದ ಮೀನಿಗೆ ಅಷ್ಟು ತುಟ್ಟಿಯಾದ ಉಪ್ಪು ಗಿಟ್ಟುವ ಮಾತಲ್ಲ. ಕೊಚ್ಚಿಯಲ್ಲಿ ವೈದ್ಯನಾಗಿದ್ದು 1865ರಲ್ಲಿ ಮಲಬಾರಿನ ಮೀನುಗಳ ಬಗ್ಗೆ ಪುಸ್ತಕ ಬರೆದ, ಮುಂದೆ ಭಾರತದ ಮೀನುಗಾರಿಕೆಯ ಮಹಾತನಿಖಾಧಿಕಾರಿಯಾದ ಫ್ರಾನ್ಸಿಸ್ ಡೇ ಈ ತೊಡಕನ್ನು ತನ್ನ ವರದಿಗಳಲ್ಲಿ ಎತ್ತಿ ತೋರಿಸಿದ. 1870ರ ದಶಕದಿಂದ ಮೊದಲುಗೊಂಡು ಮದರಾಸು ಸರ್ಕಾರವು ಕರಾವಳಿಯ ಆಯ್ದ ಊರುಗಳಲ್ಲಿ ಬೇಲಿ ಹಾಕಿದ ಉಪ್ಪುಮೀನಿನ ಅಂಗಳಗಳನ್ನು ತೆರೆದು ಅವುಗಳೊಳಗೆ ಮಾತ್ರ ತೆರಿಗೆಯಿಲ್ಲದ ಉಪ್ಪನ್ನು ಕೊಡತೊಡಗಿತು. ಕೆನರಾ ಜಿಲ್ಲೆ ಇಬ್ಭಾಗವಾಗಿ ಉತ್ತರ ಭಾಗವು 1862ರಲ್ಲಿ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಹೋಗಿದ್ದರಿಂದ ಕಾರವಾರ, ಹೊನ್ನಾವರಗಳ ವ್ಯವಹಾರ ಇನ್ನೊಂದು ಸರ್ಕಾರದ ಕಡತಗಳಲ್ಲಿ ಉಳಿಯಿತು. ಮುಂದಿನ ಎಣ್ಣೆಯ ಕಥೆಯಲ್ಲಿ ಉತ್ತರ ಕನ್ನಡ ಹೆಚ್ಚಾಗಿ ಕಾಣಿಸದಿರುವುದಕ್ಕೆ ಮೀನಿಗಿಂತ ಹೆಚ್ಚಾಗಿ ಈ ಆಡಳಿತದ ಗಡಿಯೂ ಕಾರಣ.

ಎಣ್ಣೆ ತೆಗೆಯುವ ಹಳೆಯ ಕ್ರಮ ಬಹಳ ಸರಳವೂ ಅಷ್ಟೇ ಅಸಹ್ಯವೂ ಆಗಿತ್ತು. ಮಿಕ್ಕ ಬೂತಾಯಿಯನ್ನು ಹಳೆಯ ದೋಣಿಗಳಲ್ಲಿಯೋ ತೊಟ್ಟಿಗಳಲ್ಲಿಯೋ ಸುರಿದು ಕೊಳೆಯಲು ಬಿಡುತ್ತಿದ್ದರು. ಮೀನು ಕರಗಿದಂತೆ ಎಣ್ಣೆ ಮೇಲೆ ತೇಲುತ್ತಿತ್ತು, ಅದನ್ನು ತೋಡಿಕೊಂಡು ಉಳಿದ ರಾಡಿಯನ್ನು ಗೊಬ್ಬರಕ್ಕೆ ಮಾರುತ್ತಿದ್ದರು. ಹೀಗೆ ತೆಗೆದ ಕಪ್ಪು ಬಣ್ಣದ, ನಾರುವ ಎಣ್ಣೆ ಮರದ ದೋಣಿಗಳಿಗೆ ಬಳಿಯಲು, ತೊಗಲು ಹದಮಾಡಲು, ದೀಪ ಉರಿಸಲು ಸಾಕಾಗುತ್ತಿತ್ತೇ ಹೊರತು ಹೊರದೇಶದ ಸಾಬೂನು ಕಾರ್ಖಾನೆಗಳಿಗೆ ಒಳ್ಳೆಯ ಬೆಲೆಗೆ ಹೋಗುವಂತಿರಲಿಲ್ಲ. ಕೊಳೆತ ರಾಡಿಯಲ್ಲಿ ಸಾರಜನಕದ ಬಹುಪಾಲು ಗಾಳಿಗೆ ಹೋಗಿಬಿಡುತ್ತಿದ್ದುದರಿಂದ ಗೊಬ್ಬರವೂ ಸತ್ತ್ವಹೀನವೇ.

ಇದನ್ನು ಬದಲಿಸಿದವರು ಸರ್ ಫ್ರೆಡರಿಕ್ ನಿಕಲ್ಸನ್. ಮದರಾಸು ಪ್ರಾಂತ್ಯದ ರೈತರಿಗೆ ಸಹಕಾರಿ ಪತ್ತಿನ ವ್ಯವಸ್ಥೆ ಬೇಕೆಂದು 1890ರ ದಶಕದಲ್ಲಿ ಎರಡು ಸಂಪುಟಗಳ ವರದಿ ಬರೆದು ಹೆಸರಾಗಿದ್ದ ಈ ಅಧಿಕಾರಿ, ನಿವೃತ್ತಿಯ ನಂತರ 1905ರಲ್ಲಿ ಪ್ರಾಂತ್ಯದ ಮೀನುಗಾರಿಕೆಯ ವಿಚಾರಣೆಗೆ ನೇಮಕಗೊಂಡು, ಜಪಾನಿಗೂ ಹೋಗಿಬಂದು ಅಲ್ಲಿನ ಮೀನುಗಾರಿಕೆಯ ಬಗ್ಗೆ ಟಿಪ್ಪಣಿ ಬರೆದರು. ಜಪಾನಿನ ಹೊಕ್ಕೈಡೋದಲ್ಲಿ ಹೆರಿಂಗ್ ಮೀನನ್ನು ಬೇಯಿಸಿ, ಒತ್ತಿ, ಎಣ್ಣೆ ತೆಗೆದು, ಹಿಂಡಿಯನ್ನು ಹತ್ತಿ ಮತ್ತು ಭತ್ತದ ಹೊಲಗಳಿಗೆ ಗೊಬ್ಬರವಾಗಿ ಕಳುಹಿಸುವ ಪದ್ಧತಿ ಆ ಹೊತ್ತಿಗೆ ತಲೆಮಾರುಗಳಷ್ಟು ಹಳೆಯದಾಗಿತ್ತು. ನಿಕಲ್ಸನ್ನರ ಮೇಲ್ವಿಚಾರಣೆಯಲ್ಲಿ ಮಲಬಾರಿನ ಪ್ರಾಯೋಗಿಕ ಕೇಂದ್ರಗಳಲ್ಲಿ ರೂಪುಗೊಂಡ ಕ್ರಮವೂ ಅದೇ ಜಾಡಿನದು. ತಾಜಾ ಬೂತಾಯಿಯನ್ನು ತೆರೆದ ಕಡಾಯಿಯಲ್ಲಿ ನೀರಿನೊಡನೆ ಕುದಿಸಿ, ತೆಂಗಿನ ನಾರಿನ ಚೀಲಗಳಲ್ಲಿ ತುಂಬಿ ತಿರುಪಿನ ಒತ್ತುಯಂತ್ರದ ಕೆಳಗಿಟ್ಟು ಹಿಂಡಬೇಕು. ಸುರಿದ ದ್ರವವನ್ನು ತೊಟ್ಟಿಯಲ್ಲಿ ನಿಲ್ಲಿಸಿದರೆ ಎಣ್ಣೆ ಮೇಲಕ್ಕೆ ಬಂದು ಬೇರ್ಪಡುತ್ತದೆ, ಚೀಲದಲ್ಲಿ ಉಳಿದ ಹಿಂಡಿಯನ್ನು ಬಿಸಿಲಿಗೆ ಹರಡಿ ಒಣಗಿಸಿದರೆ ಮೀನಿನ ಗ್ವಾನೋ ಎಂಬ ಗೊಬ್ಬರ ಸಿದ್ಧ. ಇದಕ್ಕೆ ಉಗಿಯಂತ್ರ ಬೇಡ, ದೊಡ್ಡ ಬಂಡವಾಳ ಬೇಡ, ದಡದಲ್ಲೊಂದು ತೆಂಗಿನ ಗರಿಯ ಮಾಡು ಸಾಕು. ಕೆಲವೇ ವರ್ಷಗಳಲ್ಲಿ ಇಂತಹ ಪುಟ್ಟ ಕಾರ್ಖಾನೆಗಳು ಮಲಬಾರು ಮತ್ತು ದಕ್ಷಿಣ ಕನ್ನಡದ ದಂಡೆಯುದ್ದಕ್ಕೂ ನೂರುಗಟ್ಟಲೆ ಎದ್ದದ್ದು ಈ ಸರಳತೆಯಿಂದಲೇ. 1907ರಲ್ಲಿ ಸ್ಥಾಪಿತವಾದ ಮದರಾಸು ಮೀನುಗಾರಿಕೆ ಬ್ಯೂರೋ ತನ್ನ ಮೊದಲ ದಶಕಗಳ ಯಶಸ್ಸುಗಳಲ್ಲಿ ಇದನ್ನು ಹೆಮ್ಮೆಯಿಂದ ಎಣಿಸುತ್ತಿತ್ತು.

ಹಿಂಡಿಯ ಗಿರಾಕಿಗಳು ಮುಖ್ಯವಾಗಿ ಘಟ್ಟದ ಮೇಲಿನವರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಎಲೆರೋಗಕ್ಕೂ ಕಾಂಡಕೊರಕಕ್ಕೂ ಸಿಕ್ಕಿ ನಲುಗಿದ ಕಾಫಿ ತೋಟಗಳಿಗೆ, ಮಳೆಗೆ ಸವೆದ ಇಳಿಜಾರಿನ ನೆಲಕ್ಕೆ, ಸಾರಜನಕ ಮತ್ತು ರಂಜಕ ಎರಡೂ ಇರುವ ಮೀನುಗೊಬ್ಬರ ಹೇಳಿ ಮಾಡಿಸಿದಂತಿತ್ತು. ಕಾಫಿ ಚಹಾ ತೋಟಗಳ ಈ ಬೇಡಿಕೆ ಸಿಲೋನಿನವರೆಗೂ ಚಾಚಿಕೊಂಡಿತ್ತು. ಎಣ್ಣೆ ಸೆಣಬಿನ ಗಿರಣಿಗಳಿಗೂ ಚರ್ಮದ ಮಂಡಿಗಳಿಗೂ ಸಾಬೂನು ತಯಾರಕರಿಗೂ ಹೋಯಿತು. ತಿನ್ನುವ ಮೀನನ್ನು ಗೊಬ್ಬರ ಮಾಡುವುದು ಸರಿಯೇ ಎಂಬ ಆಕ್ಷೇಪ ಅಂದೇ ಎದ್ದಿತ್ತು, ಅದು ಇಂದಿಗೂ ಹಳೆಯದಾಗಿಲ್ಲ. ಕೊಳೆತು ಹಾಳಾಗುವ ಮಿಕ್ಕ ಮೀನನ್ನು ಮಾತ್ರ ಬಳಸುವುದೆಂಬುದು ನಿಕಲ್ಸನ್ನರ ನಿಲುವು. ಅದು ಪ್ರಾಮಾಣಿಕವಾದುದೇ. ಆದರೆ ಕಡಾಯಿಗೆ ಬೆಂಕಿ ಹಾಕಿ ಕೂತ ಮಾಲೀಕನಿಗೆ ಮಿಕ್ಕ ಮೀನು ಯಾವುದು, ಉಣ್ಣುವ ಮೀನು ಯಾವುದು ಎಂಬ ಭೇದ ಬಹುಕಾಲ ಉಳಿಯಲಾರದು. ಹೆಚ್ಚು ಎಣ್ಣೆಯಿರುವ ಕೊಬ್ಬಿದ ಮೀನೇ ಉಣ್ಣಲೂ ರುಚಿಯಾದದ್ದು.

ಹಿಡಿಯುವ ಸಾಧನಗಳಲ್ಲಿ ಕನ್ನಡ ಕರಾವಳಿಯ ಹೆಸರಿನೊಡನೆ ಗಂಟುಬಿದ್ದಿರುವುದು ರಂಪಣಿ. ಗೋವೆ ಮತ್ತು ಕೊಂಕಣದಲ್ಲಿಯೂ ಇದ್ದ ಈ ದಡಬಲೆ ಒಂದು ಕಿಲೋಮೀಟರಿಗೂ ಉದ್ದವಾಗಿ, ಅರವತ್ತರಿಂದ ನೂರು ಜನರ ದುಡಿಮೆಯನ್ನು ಬೇಡುತ್ತಿತ್ತು. ನೀರಿನ ಬಣ್ಣದಲ್ಲಿನ ಬದಲಾವಣೆಯಿಂದ, ಮೇಲೆ ಸುತ್ತುವ ಹಕ್ಕಿಗಳಿಂದ, ಕತ್ತಲಿನಲ್ಲಾದರೆ ಕಡಲಿನ ಮಿನುಗಿನಿಂದ ಹಿಂಡನ್ನು ಗುರುತಿಸಿ, ದೋಣಿಯಲ್ಲಿ ಬಲೆಯನ್ನು ಅರೆವೃತ್ತವಾಗಿ ಬಿಟ್ಟು, ಎರಡೂ ತುದಿಯ ಹಗ್ಗಗಳನ್ನು ದಡದಿಂದ ಎಳೆಯುತ್ತಿದ್ದರು. ಬಂದ ಮೀನು ಬಲೆಗೆ, ದೋಣಿಗೆ, ದುಡಿದವರಿಗೆ ಎಂದು ಪಾಲಾಗುತ್ತಿತ್ತು. ಹಿಂಡು ತಾನಾಗಿ ದಡಕ್ಕೆ ಬಂದರೆ ಮಾತ್ರ ರಂಪಣಿಗೆ ಕೆಲಸ, ಬರದಿದ್ದರೆ ಕಾಯುವುದೊಂದೇ ದಾರಿ. ಈ ಮಿತಿಯೇ ಮೀನಿಗೆ ಒಂದು ರಕ್ಷಣೆಯಾಗಿತ್ತೆನ್ನಬಹುದು.

ಆದರೆ ರಂಪಣಿಯ ಕಾಲದಲ್ಲಿಯೇ ಬೂತಾಯಿ ಕೈಕೊಟ್ಟಿತು. ವರ್ಷದಿಂದ ವರ್ಷಕ್ಕೆ ಅದರ ಹುಟ್ಟುವಳಿ ಹೊಯ್ದಾಡುವುದನ್ನು ಗಮನಿಸಿದ್ದ ಬ್ಯೂರೋದ ಜೇಮ್ಸ್ ಹಾರ್ನೆಲ್, ನಾಯುಡು ಎಂಬ ಸಹೋದ್ಯೋಗಿಯೊಡನೆ 1920ರ ದಶಕದ ಆರಂಭದಲ್ಲಿ ಅದರ ಜೀವನಚರಿತ್ರೆಯನ್ನೂ ಮಲಬಾರ್ ಕರಾವಳಿಯ ಸೂಕ್ಷ್ಮಜೀವಿಗಳನ್ನೂ ಕುರಿತ ಅಧ್ಯಯನವನ್ನು ಪ್ರಕಟಿಸಿದರು. 1940ರ ದಶಕದ ಬಹುಪಾಲು ವರ್ಷಗಳಲ್ಲಿ ಮೀನು ಬರಲೇ ಇಲ್ಲವೆನ್ನುವಷ್ಟು ಕಡಿಮೆಯಾಯಿತು. ಮದರಾಸಿನ ಮೀನುಗಾರಿಕಾ ವಿಜ್ಞಾನಿ ದೇವನೇಶನ್ 1943ರಲ್ಲಿ ಈ ಏರಿಳಿತದ ಕಾರಣಗಳನ್ನು ಕುರಿತು ವರದಿ ಬರೆದರು, ಅದೇ ವರ್ಷ ಮದರಾಸು ಸರ್ಕಾರ ಮರಿಮೀನನ್ನು ಬಾಚುವ ಸಣ್ಣಕಣ್ಣಿನ ಬಲೆಗಳ ಮೇಲೆ ನಿರ್ಬಂಧ ಹೇರಿತು. ಕೆಲವೇ ವರ್ಷಗಳಲ್ಲಿ ಆ ನಿರ್ಬಂಧವನ್ನು ಕೈಬಿಡಲಾಯಿತು. ಮುಂದೆ ಮೀನು ಮರಳಿ ಬಂತು, ಆದರೆ ಅದಕ್ಕೆ ಕಾನೂನನ್ನು ಕಾರಣವೆನ್ನುವುದು ಕಷ್ಟ. ಕೊಬ್ಬು ಕುದಿಸುವ ಮಾಡುಗಳು ಅಷ್ಟರಲ್ಲಿ ಬೆಂಕಿಯಿಲ್ಲದೆ ತಣ್ಣಗಾಗಿದ್ದವು. ಸ್ವಾತಂತ್ರ್ಯಾನಂತರ ರಾಸಾಯನಿಕ ಗೊಬ್ಬರವು ತೋಟಗಳನ್ನೂ, ಮಂಜುಗಡ್ಡೆ ಮತ್ತು ಲಾರಿ ಸಾಗಣೆ ಮೀನಿನ ಪೇಟೆಯನ್ನೂ ಬದಲಿಸಿದುದರಿಂದ, ಹಳೆಯ ರೂಪದ ಉದ್ಯಮ ಮೊದಲಿನ ಬಲವನ್ನು ಪಡೆಯಲಿಲ್ಲ.

1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಕರ್ನಾಟಕದ ಕಡಲಿಗಿಳಿಯಿತು. ತಳದ ಬಳೆಗಳ ಮೂಲಕ ಹಾಯಿಸಿದ ಹಗ್ಗವನ್ನು ಎಳೆದಾಗ ಚೀಲದ ಬಾಯಿಯಂತೆ ಮುಚ್ಚಿಕೊಳ್ಳುವ ಈ ಬಲೆ, ಯಂತ್ರದೋಣಿಯ ಬಲದಿಂದ ಹಿಂಡನ್ನು ದಡಕ್ಕೆ ಬರುವ ಮೊದಲೇ ಕಡಲಿನಲ್ಲಿ ಸುತ್ತುವರಿಯುತ್ತದೆ. ದಡದಲ್ಲಿ ಕಾದು ನಿಂತ ರಂಪಣಿಯವರಿಗೆ ಉಳಿದದ್ದು ಸ್ವಲ್ಪ. ಇಬ್ಬರ ನಡುವೆ ದಶಕದ ಕೊನೆಯಲ್ಲಿ ತೀವ್ರ ಸಂಘರ್ಷ ನಡೆದು, ರಂಪಣಿಯ ಕೂಟಗಳು ಒಂದೊಂದಾಗಿ ಮುರಿದವು. ಅವರಲ್ಲಿ ಹಲವರು ಪರ್ಸೀನ್ ದೋಣಿಗಳಲ್ಲಿ ಕೂಲಿಗೆ ಸೇರಿದರೆ, ಕೆಲವರು ಪಾಲುದಾರರಾದರು. ಎಣ್ಣೆಯೂ ಹಿಂಡಿಯೂ ಹೊಸ ರೂಪದಲ್ಲಿ ಮರಳಿದವು: ಮಲ್ಪೆ, ಉಳ್ಳಾಲದ ಸುತ್ತಿನ ಮೀನುಹಿಟ್ಟಿನ ಕಾರ್ಖಾನೆಗಳು ಬೂತಾಯಿಯನ್ನು ಬೇಯಿಸಿ, ಒತ್ತಿ, ಒಣಗಿಸಿ ಸಿಗಡಿ ಸಾಕಣೆಗೂ ಕೋಳಿ ಸಾಕಣೆಗೂ ಆಹಾರ ತಯಾರಿಸುತ್ತವೆ. ತಂತ್ರದ ಮೂಲತತ್ತ್ವ ನಿಕಲ್ಸನ್ನರ ಕಡಾಯಿಯದೇ. ಆದರೆ ಪರ್ಸೀನ್‌ಗಳು ಪೂರೈಸುವ ಈ ಕಾರ್ಖಾನೆಗಳಿಗೆ ಮಿಕ್ಕ ಮೀನಿಗಾಗಿ ಕಾಯುವ ಅಗತ್ಯವಿಲ್ಲ.

ಮೀನಿನ ಸ್ವಭಾವ ಮಾತ್ರ ಬದಲಾಗಿಲ್ಲ. ಕೇರಳದಲ್ಲಿ 1994ರಲ್ಲಿ 1,554 ಟನ್ನಿಗೆ ಇಳಿದಿದ್ದ ಬೂತಾಯಿಯ ಇಳುವರಿ 2012ರಲ್ಲಿ ಸುಮಾರು 3.9 ಲಕ್ಷ ಟನ್ನಿಗೆ ಏರಿ, 2021ರಲ್ಲಿ ಮತ್ತೆ 3,297 ಟನ್ನಿಗೆ ಕುಸಿಯಿತು. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಕುಸಿತಕ್ಕೆ 2015-16ರ ಪ್ರಬಲ ಎಲ್ ನಿನೊವನ್ನೂ ಕಡಲಿನ ಪರಿಸರದ ಇತರ ಬದಲಾವಣೆಗಳನ್ನೂ ಅತಿಯಾದ ಮೀನುಗಾರಿಕೆಯನ್ನೂ ಒಟ್ಟಾಗಿ ಕಾರಣವೆನ್ನುತ್ತಾರೆ. 1943ರಲ್ಲಿ ಬಲೆಯ ಕಣ್ಣಿನ ಮೇಲೆ ಹಾಕಿದ್ದ ನಿರ್ಬಂಧವು ಈಗ ಮೀನಿನ ಅಳತೆಯ ರೂಪದಲ್ಲಿ ಮರಳಿದೆ. 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿಯನ್ನು ಹಿಡಿಯಬಾರದೆಂದು ಸಂಸ್ಥೆ ಸೂಚಿಸಿದ್ದು, ಕೇರಳ ಸರ್ಕಾರ 2015ರಲ್ಲಿ ಅದನ್ನು ನಿಯಮವಾಗಿಸಿತು. ಸಾಮಾನ್ಯವಾಗಿ 14ರಿಂದ 15 ಸೆಂಟಿಮೀಟರಿನ ಸುಮಾರಿಗೆ ಮೊಟ್ಟೆಯಿಡುವ ಮೀನಿಗೆ ಈ ಮಿತಿ ಒಂದು ಸಲವಾದರೂ ಸಂತಾನ ಮಾಡುವ ಅವಕಾಶವನ್ನು ಖಾತರಿಪಡಿಸುವುದಿಲ್ಲ.